ಕುಂಕುಮ ಕೆಂಪು ಇಟ್ಟಂಗಿಯಾಗದಿರಲು: ಮನೆಯಲ್ಲೇ ಎಲ್‌ಇಡಿ ಲೈಟಿಂಗ್

ಹುಬ್ಬಳ್ಳಿಯಲ್ಲಿರುವ ನಮ್ಮ ಅತ್ತಿಗೆ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾರೆ. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ರಾತ್ರಿ ಕೆಲಸ ಮುಗಿದ ಮೇಲೆ ಹಾಲ್‌ನಲ್ಲಿ ಸೀರೆ ಹರಡಿ, ನಾಲ್ಕು ಫೋಟೊ, ಒಂದು ಸಣ್ಣ ವಿಡಿಯೊ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಹೋದ ವರ್ಷ ಒಂದು ಸೀರೆ ವಾಪಸ್ ಬಂತು. ಜತೆಗೊಂದು ವಾಯ್ಸ್ ಮೆಸೇಜು: "ಅಕ್ಕಾರ, ಫೋಟೋದಾಗ ಇಟ್ಟಂಗಿ ಬಣ್ಣ ಇತ್ರಿ. ಬಂದದ್ದು ನೋಡಿದ್ರ ಕುಂಕುಮ ಕೆಂಪ." ಸೀರೆಯದೇನೂ ತಪ್ಪಿರಲಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಬಳೆಯಂತೆ ದುಂಡಗಿರುವ ರಿಂಗ್ ಲೈಟ್ ತರಿಸಿಕೊಟ್ಟವನು ನಾನೇ. ಆಮೇಲೆ ಸರಿಯಾದ ಲೈಟ್ ತಂದು, ಎರಡು ಭಾನುವಾರ ಹಾಲ್‌ನಲ್ಲೇ ಕುಸ್ತಿ ಮಾಡಿ ಕಲಿತದ್ದು ಇಲ್ಲಿದೆ. ಸೀರೆಯ ಬದಲು ನೀವು ಅಡುಗೆ, ಆಭರಣ, ಮುಖ ಏನೇ ತೆಗೆದರೂ ಇದೇ ಲೆಕ್ಕ.

ಫ್ಲ್ಯಾಶ್ ಬಿಟ್ಟು ಎಲ್‌ಇಡಿ ಯಾಕೆ?

ಹಿಂದೆ ಮದುವೆ ಮನೆಯಲ್ಲಿ ವಿಡಿಯೊದವರ ಜತೆ ಒಬ್ಬ ಹುಡುಗ ಹ್ಯಾಲೋಜನ್ ದೀಪ ಎತ್ತಿ ಹಿಡಿದು ಬರುತ್ತಿದ್ದ, ನೆನಪಿದೆಯಾ? ಅವನು ಊಟದ ಪಂಕ್ತಿಗೆ ಬಂದ ಅಂದರೆ ಸಾರು ಕಲಸುತ್ತಿದ್ದವರೂ ಬೆವರು ಒರೆಸಿಕೊಳ್ಳಬೇಕಿತ್ತು. ಸದಾ ಉರಿಯುವ ಬೆಳಕು ಅಂದರೆ ಆಗ ಸೆಕೆ, ಕರೆಂಟ್ ಬಿಲ್ಲು. ಎಲ್‌ಇಡಿ ಬಂದ ಮೇಲೆ ಆ ಕಾಟ ಕಡಿಮೆಯಾಯಿತು. 60 ವ್ಯಾಟ್‌ನ ಲೈಟ್ ಮನೆಯ ಇನ್ವರ್ಟರ್ ಮೇಲೂ ಓಡುತ್ತದೆ.

ಫ್ಲ್ಯಾಶ್ ಒಂದು ಕ್ಷಣ ಮಿಂಚಿ ಹೋಗುತ್ತದೆ. ನೆರಳು ಎಲ್ಲಿ ಬಿತ್ತು ಅನ್ನುವುದು ಫೋಟೊ ತೆಗೆದ ಮೇಲೇ ಗೊತ್ತು. ಎಲ್‌ಇಡಿಯಲ್ಲಿ ಕಣ್ಣಿಗೆ ಕಂಡದ್ದೇ ಫೋಟೊ, ಅದೇ ಬೆಳಕಲ್ಲೇ ವಿಡಿಯೊ ಕೂಡ. ಒಂದು ಕೊರತೆಯೂ ಇದೆ. ಫ್ಲ್ಯಾಶ್‌ನಷ್ಟು ಜೋರು ಬೆಳಕು ಇದರಲ್ಲಿಲ್ಲ. ಓಡಾಡುವ ಮಗುವನ್ನೋ ಹಾರುವ ಸೆರಗನ್ನೋ ಗಕ್ಕನೆ ನಿಲ್ಲಿಸಬೇಕಾದರೆ ಫ್ಲ್ಯಾಶೇ ಸರಿ. ಹರಡಿಟ್ಟ ಸೀರೆಗೆ ಒಂದು ಟ್ರೈಪಾಡ್ ಇದ್ದರೆ ಎಲ್‌ಇಡಿ ಸಾಕು.

ಕೊಳ್ಳುವಾಗ ಏನು ನೋಡಬೇಕು?

ಡಬ್ಬದ ಮೇಲೆ ಎಲ್ಲರೂ ಮೊದಲು ನೋಡುವುದು ವ್ಯಾಟ್. ನಾನೂ ಅದನ್ನೇ ನೋಡಿ ಕೆಟ್ಟೆ. ನೋಡಬೇಕಾದ್ದು ಸಿಆರ್‌ಐ, ಅಂದರೆ ಬಣ್ಣವನ್ನು ಬೆಳಕು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ. ಪೂರ್ತಿ ಅಂಕ 100. ಕನಿಷ್ಠ 95 ಇರಲಿ.

ಇದರಲ್ಲೂ ಒಂದು ಕಳ್ಳದಾರಿ ಇದೆ. ಬಿಳಿ ಎಲ್‌ಇಡಿ ಒಳಗೆ ನಿಜಕ್ಕೂ ಇರುವುದು ನೀಲಿ ದೀಪ. ಅದರ ಮೇಲೆ ಹಳದಿ ಬೆಳಕು ಕೊಡುವ ಪುಡಿಯ ಲೇಪ ಬಳಿದಿರುತ್ತಾರೆ. ನೀಲಿ, ಹಳದಿ ಸೇರಿ ಕಣ್ಣಿಗೆ ಬಿಳಿ ಅನಿಸುತ್ತದೆ. ಅಗ್ಗದ ಲೈಟ್‌ಗಳಲ್ಲಿ ಸೋರಿಹೋಗುವುದು ಕೆಂಪು. ಸಿಆರ್‌ಐ ಅನ್ನುವುದು ಎಂಟು ತಿಳಿಬಣ್ಣಗಳ ಸರಾಸರಿ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಆರ್9 ಅಂತ ಬೇರೆ ಅಂಕವಿದೆ. ಒಳ್ಳೆಯ ಕಂಪನಿಗಳು ಅದನ್ನೂ ಬರೆದಿರುತ್ತವೆ. 90 ದಾಟಿದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಇಳಕಲ್ ಸೀರೆಯ ಜೀವವೇ ಆ ಕೆಂಪು ರೇಷ್ಮೆ ಸೆರಗು, ಅದರ ಮೇಲಿನ ಬಿಳಿ ತೋಪು ತೆನೆ ವಿನ್ಯಾಸ. ಕೆಂಪೇ ಕಾಣದ ಲೈಟ್ ಇಟ್ಟುಕೊಂಡು ಮಾಡುವುದೇನು?

ಇನ್ನು ಮಾದರಿ. ಒಂದೇ ದೊಡ್ಡ ಚುಕ್ಕೆಯಂತೆ ಉರಿಯುವ ಸಿಒಬಿ ಲೈಟ್ ತಗೊಂಡರೆ ಮುಂದೆ ಸಾಫ್ಟ್‌ಬಾಕ್ಸ್, ಅಂದರೆ ಬೆಳಕನ್ನು ಮೆತ್ತಗೆ ಹರಡುವ ಬಿಳಿ ಬಟ್ಟೆಯ ಪೆಟ್ಟಿಗೆ, ಹಾಕಬಹುದು. ಸಾಫ್ಟ್‌ಬಾಕ್ಸ್ ಸಿಕ್ಕಿಸುವ ಬಾಯಿ ಬೋವೆನ್ಸ್ ಮೌಂಟ್ ಅನ್ನುವ ಮಾದರಿಯದ್ದೇ ಇರಲಿ, ಹೆಚ್ಚಿನ ಕಂಪನಿಗಳ ಸಾಫ್ಟ್‌ಬಾಕ್ಸ್‌ಗಳಲ್ಲೂ ಅದಕ್ಕೆ ಕೂರುವಂಥದ್ದು ಸಿಗುತ್ತದೆ. ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ 5600, ಅಂದರೆ ಹಗಲು ಬೆಳಕಿನ ಬಿಳುಪು ಇದ್ದರೆ ಸಾಕು. ಬಣ್ಣಬಣ್ಣದ ಆರ್‌ಜಿಬಿ ಲೈಟ್ ಸೀರೆಗೆ ಸುಮ್ನೆ ದುಡ್ಡು ದಂಡ.

ಹಚ್ಚುವ ಮೊದಲು ಆರಿಸಿ

ಹೊಸ ಲೈಟ್ ಹಾಕುವ ಮುಂಚೆ ಮನೆಯ ಉಳಿದ ದೀಪಗಳನ್ನೆಲ್ಲ ಆರಿಸಬೇಕು. ಟ್ಯೂಬ್‌ಲೈಟ್ ಸುಮಾರು 6500 ಕೆಲ್ವಿನ್, ಅದರಲ್ಲಿ ನೀಲಿ ಛಾಯೆ. ದೇವರ ಮನೆಯ ಹಳದಿ ಬಲ್ಬು 2700ರ ಆಸುಪಾಸು. ಇವೆರಡರ ಜತೆ ನಿಮ್ಮ 5600 ಸೇರಿದರೆ ಕ್ಯಾಮೆರಾ ಪಾಪ ಯಾವುದನ್ನು ಬಿಳಿ ಅಂದುಕೊಳ್ಳಬೇಕು? ಸೀರೆಯ ಒಂದು ಮಗ್ಗುಲು ನೀಲಿ, ಇನ್ನೊಂದು ಮಗ್ಗುಲು ಅರಿಶಿನ ಆಗುತ್ತದೆ. ಎಡಿಟಿಂಗ್‌ನಲ್ಲೂ ಅದು ನೆಟ್ಟಗಾಗುವುದಿಲ್ಲ.

ಗೋಡೆಯನ್ನೂ ನೋಡಿ. ಅತ್ತಿಗೆಯ ಹಾಲ್‌ಗೆ ಗಿಳಿ ಹಸಿರು ಬಳಿದಿದ್ದಾರೆ. ಅದರಿಂದ ಪುಟಿದ ಬೆಳಕು ಸೀರೆಯ ಮೇಲೆ ಹಸಿರು ಚೆಲ್ಲುತ್ತಿತ್ತು. ಬಿಳಿ ಬೆಡ್‌ಶೀಟ್ ಇಳಿಬಿಟ್ಟ ಮೇಲೆ ಸರಿಹೋಯಿತು.

ಲೈಟ್ ಎಲ್ಲಿಡಬೇಕು?

ಅರ್ಧ ಫೋಟೊ ಇಲ್ಲೇ ಮುಗಿಯುತ್ತದೆ, ಅವಸರ ಬೇಡ.

ಬೆಳಕು ಮೆತ್ತಗಿರಬೇಕಾದರೆ ಅದು ದೊಡ್ಡ ಜಾಗದಿಂದ, ಹತ್ತಿರದಿಂದ ಬರಬೇಕು. 90 ಸೆಂಟಿಮೀಟರ್ ಸಾಫ್ಟ್‌ಬಾಕ್ಸನ್ನು ಒಂದು ಮೀಟರ್ ದೂರದಲ್ಲಿಟ್ಟರೆ ನೆರಳಿನ ಅಂಚು ಹದವಾಗಿ ಕರಗುತ್ತದೆ. ಅದನ್ನೇ ಮೂರು ಮೀಟರ್ ಹಿಂದಕ್ಕೆ ಒಯ್ದರೆ ಸಾಫ್ಟ್‌ಬಾಕ್ಸೂ ಸಣ್ಣ ದೀಪದಂತೆ ವರ್ತಿಸುತ್ತದೆ. ಬೆಳಕೂ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಅರ್ಧವಲ್ಲ, ಕಾಲು ಭಾಗ ಆಗುತ್ತದೆ.

ಮೊದಲು ಲೈಟನ್ನು ಕ್ಯಾಮೆರಾದ ಪಕ್ಕಕ್ಕೆ 45 ಡಿಗ್ರಿಯಲ್ಲಿ, ಸೀರೆಗಿಂತ ಸ್ವಲ್ಪ ಎತ್ತರದಲ್ಲಿ ನಿಲ್ಲಿಸಿ. ಈಗ ಫೋನ್ ಪರದೆ ನೋಡುತ್ತಾ, ಇನ್ನೊಬ್ಬರಿಗೆ ಲೈಟನ್ನು ನಿಧಾನ ಪಕ್ಕಕ್ಕೆ ಸರಿಸಲು ಹೇಳಿ. ನಾವು ಹೀಗೆ ಸರಿಸುತ್ತಾ ಹೋದಾಗ ಒಂದು ಕಡೆ ಸೆರಗೆಲ್ಲ ಬೆಳ್ಳಗೆ ಹೊಳೆದು ಬಣ್ಣವೇ ಮಾಯವಾಯಿತು. ಗೋಡೆಗೆ ಬಡಿದ ಚೆಂಡು ಯಾವ ಕೋನದಲ್ಲಿ ಬಂತೋ ಅದೇ ಕೋನದಲ್ಲಿ ಪುಟಿಯುತ್ತದಲ್ಲ, ರೇಷ್ಮೆ ಮೇಲಿನ ಬೆಳಕೂ ಹಾಗೇ. ಪುಟಿದು ನೇರ ಕ್ಯಾಮೆರಾ ಕಣ್ಣಿಗೆ ಬಿದ್ದರೆ ಹೊಳಪು ಬಣ್ಣವನ್ನು ನುಂಗುತ್ತದೆ. ಇನ್ನೂ ಒಂದಡಿ ಪಕ್ಕಕ್ಕೆ ಸರಿಸಿದೆವು. ಹೊಳಪು ಮಡಿಕೆಗಳ ಏಣಿನ ಮೇಲೆ ಮಾತ್ರ ಉಳಿಯಿತು, ಕೆಂಪು ತುಂಬಿಕೊಂಡಿತು. "ಹಾಂ, ಅಲ್ಲೇ ನಿಲ್ಸು ಮಾರಾಯಾ, ಅಳ್ಳಾಡಸಬ್ಯಾಡ!" ಅಂದರು ಅತ್ತಿಗೆ.

ರಿಂಗ್ ಲೈಟ್ ಸೋಲುವುದೂ ಇಲ್ಲೇ. ಅದು ಲೆನ್ಸಿನ ಸುತ್ತಲೇ ಇರುವುದರಿಂದ ಪುಟಿದ ಬೆಳಕು ಅಲ್ಲಿಗೇ ವಾಪಸ್. ಕನ್ನಡಕ, ಹಿತ್ತಾಳೆ ಪಾತ್ರೆ, ರೇಷ್ಮೆ ಮೂರಕ್ಕೂ ಅದು ವೈರಿ.

ಕಸೂತಿಯ ಹೊಲಿಗೆ ಎದ್ದು ಕಾಣಬೇಕಾದರೆ ಲೈಟನ್ನು ಪೂರ್ತಿ ಪಕ್ಕಕ್ಕೆ ತಂದು, ಬೆಳಕು ಬಟ್ಟೆಯನ್ನು ಸವರಿಕೊಂಡು ಹೋಗುವಂತೆ ಇಡಿ. ಪ್ರತಿ ಎಳೆಗೂ ಕೂದಲೆಳೆಯಷ್ಟು ನೆರಳು ಬೀಳುತ್ತದೆ. ಬಣ್ಣದ ಫೋಟೊಗೆ ಒಂದು ಜಾಗ, ಹೊಲಿಗೆಯ ಫೋಟೊಗೆ ಇನ್ನೊಂದು ಜಾಗ. ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿಯಲು ಹೋಗಬೇಡಿ.

ಎರಡನೇ ಲೈಟ್ ಬೇಕಾ? ಬೇಡ. ಲೈಟಿನ ಎದುರು ಮಗ್ಗುಲಲ್ಲಿ ಒಂದು ಥರ್ಮೊಕೋಲ್ ಶೀಟನ್ನು ಕುರ್ಚಿಗೆ ಒರಗಿಸಿ. ಸಿನಿಮಾದವರೂ ಅದನ್ನೇ ಬಳಸುತ್ತಾರೆ. ಹತ್ತಿರ ತಂದರೆ ನೆರಳು ತೆಳುವಾಗುತ್ತದೆ, ದೂರ ಸರಿಸಿದರೆ ದಟ್ಟವಾಗುತ್ತದೆ.

ಪರದೆಯಲ್ಲಿ ಪಟ್ಟೆ ಓಡುತ್ತಿದ್ದರೆ

ನಮ್ಮ ಕರೆಂಟು 50 ಹರ್ಟ್ಸ್. ಅದರ ತಾಳಕ್ಕೆ ಕುಣಿಯುವ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ವಿಡಿಯೊದಲ್ಲಿ ಕಪ್ಪು ಪಟ್ಟೆ ಮೇಲಿಂದ ಕೆಳಗೆ ಓಡಿದರೆ ಶಟರ್ ವೇಗವನ್ನು ಸೆಕೆಂಡಿನ 1/50 ಅಥವಾ 1/100ಕ್ಕೆ ಇಡಿ. ಕ್ಯಾಮೆರಾ ಇದ್ದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50, ಲೆನ್ಸಿನ ಬಾಯಿ ಎಫ್4, ಬೆಳಕಿಗೆ ಸ್ಪಂದಿಸುವ ಅಳತೆ ಐಎಸ್‌ಒ 200ರಿಂದ 400. ಫೋನಿನ ಲೆನ್ಸ್ ಹೆಚ್ಚು ಬೆಳಕು ಎಳೆಯುತ್ತದೆ, ಅದಕ್ಕೆ 1/100 ಒಳ್ಳೆಯದು.

ಅಷ್ಟಾದರೂ ಪಟ್ಟೆ ಹೋಗಲಿಲ್ಲವೇ? ಲೈಟಿನ ಡಿಮ್ಮರ್ ಮೇಲೆ ಅನುಮಾನ ಪಡಿ. ಅಗ್ಗದ ಡಿಮ್ಮರ್‌ಗಳು ಬೆಳಕನ್ನು ಪಟಪಟ ಆರಿಸಿ ಹಚ್ಚಿ ಕಡಿಮೆ ಮಾಡುತ್ತವೆ. ಲೈಟಿನ ಮುಂದೆ ಪೆನ್ನನ್ನು ಜೋರಾಗಿ ಆಡಿಸಿ. ಒಂದೇ ಮಸುಕು ಬೀಸಣಿಗೆಯಂತೆ ಕಂಡರೆ ಸರಿ. ಬಿಡಿಬಿಡಿ ಪೆನ್ನುಗಳು ಸಾಲಾಗಿ ಕಂಡರೆ ಮಿನುಗು ಇದೆ ಅಂತ ಅರ್ಥ. ಆಗ ಪೂರ್ತಿ ಬೆಳಕಲ್ಲೇ ಉರಿಸಿ, ಜಾಸ್ತಿಯಾದರೆ ಸಾಫ್ಟ್‌ಬಾಕ್ಸ್ ಮುಂದೆ ಇನ್ನೊಂದು ಪದರ ಬಿಳಿ ಬಟ್ಟೆ ಕಟ್ಟಿ.

ಕೊನೆಗೆ ಫೋನಿನ ಚಪಲ ಕಟ್ಟಿಹಾಕಬೇಕು. ಬಿಳಿ ಸೀರೆ ಬಂದರೆ ಕತ್ತಲು ಮಾಡುತ್ತದೆ, ಕಪ್ಪು ಬಂದರೆ ಬೆಳಗುತ್ತದೆ, ಕೆಂಪು ತುಂಬಿದರೆ ಬಣ್ಣವನ್ನೇ ನೀಲಿ ಕಡೆಗೆ ಎಳೆಯುತ್ತದೆ. ಪರದೆಯನ್ನು ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ. ಎಲ್ಲವನ್ನೂ ಕೈಯಾರೆ ಹೊಂದಿಸುವ ಪ್ರೊ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸನ್ನು, ಅಂದರೆ ಯಾವುದು ಬಿಳಿ ಅನ್ನುವ ಲೆಕ್ಕವನ್ನು, 5600ಕ್ಕೆ ನಿಲ್ಲಿಸಿ. ಮೊದಲ ಫೋಟೊದಲ್ಲಿ ಸೀರೆ ಮೇಲೊಂದು ಬಿಳಿ ಹಾಳೆ ಇಟ್ಟು ತೆಗೆಯಿರಿ. ಹಾಳೆ ಬಿಳಿಯಾಗಿ ಕಂಡರೆ ಮುಂದುವರಿಯಿರಿ.

ಸಾಫ್ಟ್‌ಬಾಕ್ಸ್ ಹೊತ್ತ ಸ್ಟ್ಯಾಂಡ್ ಫ್ಯಾನಿನ ಗಾಳಿಗೂ ಉರುಳುತ್ತದೆ. ಕಾಲಿಗೆ ಐದು ಲೀಟರಿನ ನೀರಿನ ಕ್ಯಾನ್ ಕಟ್ಟಿ, ವೈರನ್ನು ನೆಲಕ್ಕೆ ಟೇಪ್ ಹಚ್ಚಿ. ಮನೆಯಲ್ಲಿ ಮಕ್ಕಳಿದ್ದರಂತೂ ಇದನ್ನು ಮರೆಯುವಂತೆಯೇ ಇಲ್ಲ.

ಒಮ್ಮೆ ಹದ ಸಿಕ್ಕ ಮೇಲೆ ಸ್ಟ್ಯಾಂಡ್, ಟ್ರೈಪಾಡ್, ಥರ್ಮೊಕೋಲ್ ಎಲ್ಲಿದ್ದವೋ ಅಲ್ಲಿ ನೆಲದ ಮೇಲೆ ಗುರುತು ಹಾಕಿಡಿ, ಮುಂದಿನ ಸಲ ಹತ್ತು ನಿಮಿಷದಲ್ಲಿ ಕೆಲಸ ಶುರು. ನಾನು ಟೇಪ್ ಹಚ್ಚಿ ಬಂದಿದ್ದೆ. ಮೊನ್ನೆ ಹೋದಾಗ ನೋಡಿದರೆ ಅತ್ತಿಗೆ ಅದನ್ನು ಕಿತ್ತು, ಟೈಲ್ಸ್ ಮೇಲೆ ಹಣೆಗಿಡುವ ಸ್ಟಿಕರ್ ಟಿಕಳಿ ಅಂಟಿಸಿದ್ದಾರೆ. ಲೈಟಿಗೆ ಹಸಿರು, ಕ್ಯಾಮೆರಾಗೆ ಕೆಂಪು, ಥರ್ಮೊಕೋಲ್‌ಗೆ ಕಪ್ಪು. ನೆಲ ಒರೆಸುವವರಿಗೆ ಅವುಗಳ ಮೇಲೆ ಕೈಯಾಡಿಸಬೇಡ ಅಂತ ತಾಕೀತೂ ಆಗಿದೆ.