ಹತ್ತು ಹುಣಸೆ ಬೀಜ, ಐದು ಡಬ್ಬ: ನಮ್ಮ ಶಾಲೆಯ ಶನಿವಾರದ ಆಯ್ಕೆ ತರಗತಿ

‘ಇದೆಲ್ಲ ಕಾನ್ವೆಂಟಿನವರ ಚಂದ ಸಾರ್, ನಮ್ಮ ಮಕ್ಕಳಿಗೆ ಮೊದಲು ಭಾಗಾಕಾರ ಬರಲಿ’ ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರೇ ಮೊನ್ನೆ ಬಂದು, ‘ಆ ಡಬ್ಬದ ಲೆಕ್ಕ ಸ್ವಲ್ಪ ಬರೆದುಕೊಡಿ, ನಮ್ಮ ತಂಗಿಯ ಶಾಲೆಗೆ ಬೇಕಂತೆ’ ಅಂದರು. ಬರೆದುಕೊಡುವುದೇ ಆದರೆ ಪೂರ್ತಿ ಬರೆಯೋಣ ಅನಿಸಿತು. ಶನಿವಾರದ ಕೈಕೆಲಸವನ್ನು ಮಕ್ಕಳು ಡಬ್ಬಕ್ಕೆ ಹುಣಸೆ ಬೀಜ ಹಾಕಿ ತಾವೇ ಆರಿಸಿಕೊಳ್ಳುವ ತರಗತಿ ಇದು. ಕೈ ಹತ್ತುವುದಕ್ಕೆ ಮೂರು ವರ್ಷ ಬೇಕಾಯಿತು. ಮೊದಲ ಎರಡು ವರ್ಷ ನೀರಿನಲ್ಲಿ ಹೋಮ.

ನಮ್ಮದು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 6, 7, 8 ಸೇರಿ 54 ಮಕ್ಕಳು. ಹೆಡ್‌ಮಾಸ್ಟರೂ ಸೇರಿ ಅವರಿಗೆ ನಾಲ್ಕು ಜನ ಮೇಷ್ಟ್ರು. ನಾನು ಗಣಿತ, ವಿಜ್ಞಾನ. ಬ್ಯಾಗಿಲ್ಲದ ದಿನದ ವಿಷಯ ನಿಮಗೆಲ್ಲ ಗೊತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ರೊಳಗೆ ಹತ್ತು ದಿನ ಬ್ಯಾಗ್ ಬಿಟ್ಟು ಊರಿನ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಮಕ್ಕಳು ಕಲಿಯಲಿ ಅಂತಿದೆ. ಆಮೇಲೆ ನಮ್ಮಲ್ಲಿ ಸಂಭ್ರಮ ಶನಿವಾರ ಅನ್ನುವ ಬ್ಯಾಗಿಲ್ಲದ ಶನಿವಾರವೂ ಬಂತು. ಒಳ್ಳೆಯದೇ. ಆದರೆ ಅಲ್ಲಿ ಇಡೀ ತರಗತಿ ಒಂದೇ ಕೆಲಸಕ್ಕೆ ಕೂರುತ್ತದೆ. ನನಗೆ ಬೇಕಿದ್ದದ್ದು ಮಗು ತಾನೇ ಒಂದು ಕೆಲಸ ಆರಿಸಿಕೊಳ್ಳಬೇಕು, ಎಂಟು ಹತ್ತು ವಾರ ಅದಕ್ಕೇ ಅಂಟಿಕೊಳ್ಳಬೇಕು. ಶನಿವಾರದ ಕೊನೆಯ ಎರಡು ಪಿರಿಯಡ್ ಕೇಳಿದೆ. ಸುಮಾರು 80 ನಿಮಿಷ. ಹೆಡ್‌ಮಾಸ್ಟರು ‘ಪೋರ್ಷನ್ ಉಳಿದರೆ ನಿಮ್ಮ ತಲೆಗೆ’ ಅಂತ ಒಪ್ಪಿದರು.

2022ರ ಜುಲೈನಲ್ಲಿ ಶುರು ಮಾಡಿದ್ದೇ ಮೊದಲ ತಪ್ಪು. ಮಲೆನಾಡಿನ ಜುಲೈ! ಮಳೆ ರಜೆಗೆ ಎರಡು ಶನಿವಾರ ಹೋದವು. ಉಳಿದ ದಿನ ಕರೆಂಟಿಲ್ಲ. ದಾನವಾಗಿ ಬಂದ ಐದು ಕಂಪ್ಯೂಟರ್‌ಗಳಲ್ಲಿ ಎರಡು ಮಾತ್ರ ಆನ್ ಆಗುತ್ತಿದ್ದವು. ‘ಯಾರಿಗೆ ಏನು ಬೇಕು, ಕೈ ಎತ್ತಿ’ ಅಂದಿದ್ದು ಎರಡನೇ ತಪ್ಪು. ಕಂಪ್ಯೂಟರಿಗೆ ನಲವತ್ತು ಕೈ. ಎರಡು ಕಂಪ್ಯೂಟರಿನ ಮುಂದೆ ನಲವತ್ತು ಮಕ್ಕಳು, ಯುಪಿಎಸ್ ಕುಯ್ ಅನ್ನುತ್ತಿದೆ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ತಮ್ಮ ಹೆಸರು ಟೈಪ್ ಮಾಡುವ ಸರದಿ ಒಬ್ಬೊಬ್ಬರಿಗೆ ಎರಡು ನಿಮಿಷವೂ ಸಿಗಲಿಲ್ಲ.

ಅದೇ ವರ್ಷ ಯಕ್ಷಗಾನ ಕಲಿಸುವುದಕ್ಕೆ ಹತ್ತಿರದ ಊರಿನ ಕಲಾವಿದರೊಬ್ಬರನ್ನು ಕರೆದಿದ್ದೆ. ಸಂಭಾವನೆಯ ಮಾತು ಎತ್ತಲಿಲ್ಲ. ‘ಮಕ್ಕಳಿಗೋಸ್ಕರ’ ಅಂತ ಹಲ್ಲು ಕಿರಿದೆ. ಎರಡು ವಾರ ಬಂದರು, ಮೂರನೇ ವಾರ ಫೋನ್ ಎತ್ತಲಿಲ್ಲ. ನವೆಂಬರಿನ ಹೊತ್ತಿಗೆ ಮೇಳದ ತಿರುಗಾಟ ಬೇರೆ ಶುರುವಾಯಿತು. ರಾತ್ರಿಯಿಡೀ ಕುಣಿದವರು ಬೆಳಿಗ್ಗೆ ನಮ್ಮ ಶಾಲೆಗೆ ಯಾಕೆ ಬರುತ್ತಾರೆ? ತಪ್ಪು ನನ್ನದೇ. ದುಡ್ಡು ಕೊಡದೆ ಯಾರನ್ನೂ ಕರೆಯಬಾರದು.

ಎರಡನೇ ವರ್ಷ ಚೀಟಿ ಬರೆಸಿದೆ. ಗೆಳೆಯ ಬರೆದದ್ದನ್ನೇ ಗೆಳೆಯ ಬರೆದ. ಹೆಣ್ಣುಮಕ್ಕಳೆಲ್ಲ ಹೊಲಿಗೆ, ಗಂಡು ಮಕ್ಕಳೆಲ್ಲ ಸೈಕಲ್. ಆಯ್ತು ಅಂತ ಲಾಟರಿ ಎತ್ತಿದೆ. ಅವತ್ತು ಎಂಟನೇ ತರಗತಿಯ ಇಬ್ಬರು ಅತ್ತಿದ್ದು ಈಗಲೂ ಕಣ್ಣ ಮುಂದಿದೆ. ಮಾರನೇ ಶನಿವಾರ ಅವರು ಶಾಲೆಗೇ ಬರಲಿಲ್ಲ. ಆ ವರ್ಷ ಸಾಮಾನಿಗೆ ಸುಮಾರು ಆರು ಸಾವಿರ ಹೋಯಿತು. ಅದರಲ್ಲಿ ಎರಡೂವರೆ ಸಾವಿರ ನನ್ನ ಜೇಬಿನದು, ಉಳಿದದ್ದು ಶಾಲಾಭಿವೃದ್ಧಿ ಸಮಿತಿ ಅಂದರೆ ಎಸ್‌ಡಿಎಂಸಿಯದು. ಪೋಸ್ಟರ್ ಕಲರ್, ಬ್ರಷ್‌ಗಳಿಗೇ ಸಾವಿರದ ಹತ್ತಿರ ಸುರಿದಿದ್ದೆ. ಎಸ್‌ಡಿಎಂಸಿ ಸಭೆಯಲ್ಲಿ ಒಬ್ಬರು ಬಿಲ್ ತಿರುವಿ ಹಾಕಿ, ‘ಪಂಕ್ಚರ್ ಹಾಕೋದು ಕಲಿಯೋಕೆ ಶಾಲೆಗೆ ಕಳಿಸಬೇಕಾ ಮೇಷ್ಟ್ರೇ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೇಸಿಗೆ ರಜೆಯಲ್ಲಿ ಮನೆಯಂಗಳದಲ್ಲಿ ಹುಣಸೆಹಣ್ಣು ಬಡಿಯುತ್ತಾ ಕೂತಿದ್ದಾಗ ಈ ಬೀಜದ ಉಪಾಯ ಹೊಳೆಯಿತು. ಮಗುವಿನ ಕೈಯಲ್ಲಿ ಏನಾದರೂ ಇರಬೇಕು, ಅದು ಖರ್ಚಾಗಬೇಕು. ಬಾಯಲ್ಲಿ ಹೇಳು ಅಂದರೆ ಎಲ್ಲರೂ ಕಂಪ್ಯೂಟರ್. ಎಣಿಸಿ ಹಾಕು ಅಂದರೆ ಕೈ ತಡೆಯುತ್ತದೆ.

2024ರಲ್ಲಿ ಹೀಗೆ ಮಾಡಿದೆ. ಆಗಸ್ಟ್ ಪೂರ್ತಿ ಬರೀ ರುಚಿ ನೋಡುವುದು. ಸೈಕಲ್ ರಿಪೇರಿ, ಹಸೆ ಚಿತ್ತಾರ, ಕೈಹೊಲಿಗೆ, ಗೋಡೆ ಪತ್ರಿಕೆ, ಕೈತೋಟ. ಐದು ಶನಿವಾರ, ಎಲ್ಲ ಮಕ್ಕಳೂ ಎಲ್ಲಕ್ಕೂ ಹೋಗಲೇಬೇಕು. ಕಂಪ್ಯೂಟರನ್ನು ಪಟ್ಟಿಯಿಂದಲೇ ತೆಗೆದೆ. ಗಣೇಶನ ಹಬ್ಬ ಮುಗಿದ ಮೇಲೆ ಬಿಸಿಯೂಟದ ಸ್ಟೋರ್ ರೂಮಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದರಂತೆ ಐದು ಬಿಸ್ಕತ್ತಿನ ಡಬ್ಬ ಇಟ್ಟೆ. ಒಬ್ಬೊಬ್ಬರೇ ಒಳಗೆ ಬರಬೇಕು. ಕೈಗೆ ಹತ್ತು ಬೀಜ. ಎಲ್ಲವನ್ನೂ ಒಂದಕ್ಕೇ ಹಾಕಬಹುದು, ಹಂಚಲೂಬಹುದು. ನಾನು ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತು ಬರೆದುಕೊಳ್ಳುತ್ತೇನೆ, ತುಟಿ ಬಿಚ್ಚುವುದಿಲ್ಲ. ಜಾಸ್ತಿ ಬೀಜ ಹಾಕಿದವರಿಗೆ ಅಲ್ಲಿ ಮೊದಲ ಜಾಗ. ಒಂದು ಕೆಲಸಕ್ಕೆ ಹದಿಮೂರು ಮಕ್ಕಳಿಗಿಂತ ಜಾಸ್ತಿ ಇಲ್ಲ.

ಏಳನೇ ತರಗತಿಯ ಒಬ್ಬ ಹುಡುಗನಿದ್ದಾನೆ, ಇಡೀ ಶಾಲೆಗೆ ಗಟ್ಟಿಗ, ಕಬಡ್ಡಿ ಅಂದರೆ ಪ್ರಾಣ. ಒಳಗೆ ಬಂದ. ಸೈಕಲ್ ಡಬ್ಬಕ್ಕೆ ಟಣ್ ಟಣ್ ಅಂತ ಮೂರು ಹಾಕಿದ. ಬಾಗಿಲ ಕಡೆ ನೋಡಿದ. ನನ್ನ ಕಡೆ ನೋಡಿದ. ಉಳಿದ ಏಳನ್ನೂ ಅಂಗೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಬೆರಳಲ್ಲಿ ಒತ್ತಿ ಒತ್ತಿ ಚಿತ್ತಾರದ ಡಬ್ಬದ ತಳಕ್ಕೆ ಇಳಿಸಿದ. ಹೊರಗೆ ಹೋಗಿ ಗೆಳೆಯರ ಹತ್ತಿರ ‘ಸೈಕಲ್ ಹಾಕ್ದೆ ಕಣೋ’ ಅಂದಿದ್ದು ನನಗೆ ಕೇಳಿಸಿತು. ಆಮೇಲೆ ಡಬ್ಬಗಳ ತಳಕ್ಕೆ ಬಟ್ಟೆ ಹಾಸಿದೆ.

ಕೊನೆಗೆ ಸೈಕಲ್ 12, ಚಿತ್ತಾರ 13, ಹೊಲಿಗೆ 12, ಕೈತೋಟ 13, ಗೋಡೆ ಪತ್ರಿಕೆಗೆ ನಾಲ್ಕೇ ನಾಲ್ಕು. ಎರಡು ವಾರ ಆದ ಮೇಲೆ ಒಂದು ಸಲ ಬದಲಾಯಿಸಿಕೊಳ್ಳಬಹುದು, ಕಾರಣ ಕೇಳುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಅರ್ಧಕ್ಕರ್ಧ ಬದಲಾಯಿಸುತ್ತಾರೆ ಅಂತ ಹೆದರಿದ್ದೆ, ಬದಲಾಯಿಸಿದವರು ಆರೋ ಏಳೋ ಜನ. ಸೈಕಲ್ಲಿನ ಹನ್ನೆರಡರಲ್ಲಿ ಐದು ಹೆಣ್ಣುಮಕ್ಕಳು. ಅದು ಹೇಗಾಯಿತು ಅಂತ ಎಲ್ಲರೂ ಕೇಳುತ್ತಾರೆ. ಬೀಜದಿಂದ ಮಾತ್ರ ಆಗಿದ್ದಲ್ಲ, ರುಚಿ ನೋಡುವ ವಾರದಲ್ಲಿ ಒಂದು ಸಣ್ಣ ಉಪಾಯ ಮಾಡಿದ್ದೆ. ಅದನ್ನು ಇಲ್ಲಿ ಬರೆದರೆ ಆ ಮಕ್ಕಳ ಅಪ್ಪಂದಿರೂ ಓದುತ್ತಾರೆ, ಬೇಡ.

ಸೈಕಲ್ ಕಲಿಸಿದ್ದು ನಮ್ಮೂರ ಬಸ್ ಸ್ಟಾಪಿನ ಹತ್ತಿರ ಅಂಗಡಿ ಇಟ್ಟಿರುವವರು. ಒಂದು ಶನಿವಾರಕ್ಕೆ 200 ರೂಪಾಯಿ, ಟೀ ಬೇರೆ. ಪಂಪು 400ರ ಹತ್ತಿರ, ಅಂಟಿಸುವ ಸೊಲ್ಯೂಷನ್, ಪ್ಯಾಚು, ಟೈರ್ ಎಬ್ಬಿಸುವ ಲಿವರ್, ಉಪ್ಪು ಕಾಗದ ಎಲ್ಲ ಸೇರಿ ಇನ್ನೊಂದು 300. ಹಳೇ ಟ್ಯೂಬುಗಳನ್ನು ಅವರೇ ತಂದರು. ಮಕ್ಕಳು ಎಡವಿದ್ದು ಒಂದೇ ಕಡೆ, ಕಾಯುವುದರಲ್ಲಿ. ಸೊಲ್ಯೂಷನ್ ಹಚ್ಚಿದ ತಕ್ಷಣ ಪ್ಯಾಚ್ ಒತ್ತುತ್ತಿದ್ದರು. ಬಕೆಟ್ಟಿನ ನೀರಿಗೆ ಹಾಕಿದರೆ ಗುಳ್ಳೆ ಗುಳ್ಳೆ. ಹಚ್ಚಿದ್ದು ಒಣಗಿ, ಬೆರಳು ಇಟ್ಟರೆ ಅಂಟಿಯೂ ಅಂಟದ ಹಾಗೆ ಆಗಬೇಕಲ್ಲ, ಆ ನಾಲ್ಕು ನಿಮಿಷ ಸುಮ್ನೆ ಕೂರುವುದು ಅವರಿಗೆ ಮಗ್ಗಿಗಿಂತ ಕಷ್ಟ. ಅಂಗಡಿಯವರು ಒಂದು ಹಾದಿ ಹುಡುಕಿದರು. ‘ಹಚ್ಚಿ ಆಯ್ತಾ? ಈಗ ಟೈರಿನೊಳಗೆ ಕೈ ಆಡಿಸಿ ಮುಳ್ಳು ಹುಡುಕಿ’ ಅನ್ನುವುದು. ಮುಳ್ಳು ಸಿಗುವ ಹೊತ್ತಿಗೆ ಸೊಲ್ಯೂಷನ್ ಹದಕ್ಕೆ ಬಂದಿರುತ್ತದೆ. ಬಿಎಡ್ ಮಾಡಿದ ನನಗೆ ಇದು ಹೊಳೆದಿರಲಿಲ್ಲ.

ಪಂಕ್ಚರ್ ಕಲಿಯೋಕೆ ಶಾಲೆ ಬೇಕಾ ಅಂದಿದ್ದವರ ಮಗಳೂ ಆ ಐವರಲ್ಲಿ ಒಬ್ಬಳು. ದೀಪಾವಳಿ ಹೊತ್ತಿಗೆ ಅಪ್ಪನ ಸೈಕಲ್ಲಿಗೆ ಪ್ಯಾಚ್ ಹಾಕಿ ಇಪ್ಪತ್ತು ರೂಪಾಯಿ ವಸೂಲಿ ಮಾಡಿದಳಂತೆ. ಅವರೇ ಬಂದು ಹೇಳಿದರು. ನಾನು ಹಳೆಯ ಮಾತು ಎತ್ತಲಿಲ್ಲ. ಸ್ವಲ್ಪ ನಕ್ಕೆ, ಅಷ್ಟೇ.

ಚಿತ್ತಾರದ ಕತೆ ಬೇರೆ. ನಮ್ಮ ಕಡೆ ಇದು ದೀವರ ಸಮುದಾಯದ ಮನೆಗಳ ಹೆಂಗಸರ ಕಲೆ. ಮದುವೆಗೆ ಹಸೆ ಗೋಡೆ ಬರೆಯುತ್ತಾರೆ, ಭೂಮಿ ಹುಣ್ಣಿಮೆಗೆ ಗದ್ದೆಗೆ ಪೂಜೆಯ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುತ್ತಾರೆ. ಕಲಿಸುವುದಕ್ಕೆ ಒಪ್ಪಿದ ಅಜ್ಜಿಗೆ ಎಪ್ಪತ್ತು ದಾಟಿದೆ. ಮೊದಲ ದಿನ ನಾನು ಹೋದ ವರ್ಷದ ಬ್ರಷ್, ಪೋಸ್ಟರ್ ಕಲರ್ ತೆಗೆದು ಮುಂದಿಟ್ಟೆ. ಅಜ್ಜಿ ಒಂದು ಬ್ರಷ್ ಎತ್ತಿ ಕೆನ್ನೆಗೆ ಸವರಿಕೊಂಡು, ‘ಇದು ಪೌಡರ್ ಹಚ್ಚೋಕೆ ಚಂದ ಮೇಷ್ಟ್ರೇ’ ಅಂತ ಕೆಳಗಿಟ್ಟರು. ಸಾವಿರ ರೂಪಾಯಿ ಅಲ್ಲಿಗೆ ಮುಗಿಯಿತು. ಸೆರಗಿನ ಗಂಟಿನಿಂದ ಪುಂಡಿ ನಾರು ತೆಗೆದರು. ತುದಿ ಜಜ್ಜಿ, ನೀರಿಗೆ ಅದ್ದಿ, ಎರಡು ಬೆರಳಲ್ಲಿ ತಿರುಚಿದರು. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಅಕ್ಕಿಯನ್ನೇ ಕರಿಕಾಗುವವರೆಗೆ ಹುರಿದು ಅರೆದದ್ದು, ಹಳದಿಗೆ ಗುರಿಗೆ ಕಾಯಿಯ ಬೀಜ, ಕೆಂಪಿಗೆ ಕೆಮ್ಮಣ್ಣು. ಖರ್ಚು ಸೊನ್ನೆ ಅಂದರೂ ಸರಿ.

ಆದರೆ ರಟ್ಟಿನ ಮೇಲೆ ಬಳಿದ ಕೆಮ್ಮಣ್ಣು ಒಣಗಿದ ಮೇಲೆ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಅಂಗಡಿಯ ಗೋಂದು ಬೆರೆಸಿ ನೋಡಿದೆ. ಮಣ್ಣು ನಿಂತಿತು, ಆದರೆ ಮೇಲೆ ಬಿಳಿ ಗೆರೆ ಹಿಡಿಯಲಿಲ್ಲ. ಒಂದು ವಾರ ಅರೆದಿಟ್ಟ ಅಕ್ಕಿ ಹಿಟ್ಟು ಹುಳಿ ಬಂದು ಸ್ಟಾಫ್ ರೂಮಿನಲ್ಲಿ ಕೂರುವ ಹಾಗಿರಲಿಲ್ಲ. ಆಮೇಲೆ ಅಜ್ಜಿ ಮನೆಯಿಂದ ಒಂದು ಚೊಂಬಿನಲ್ಲಿ ಏನೋ ತಂದು ಮಣ್ಣಿಗೆ ಬೆರೆಸಿದರು. ಈಗ ರಟ್ಟು ಬಗ್ಗಿಸಿದರೂ ಉದುರುವುದಿಲ್ಲ. ಚೊಂಬಿನಲ್ಲಿ ಏನಿತ್ತು ಅಂತ ಯಾರಿಗೂ ಹೇಳಬಾರದು ಅಂತ ನನ್ನ ಹತ್ತಿರ ಮಾತು ತೆಗೆದುಕೊಂಡಿದ್ದಾರೆ.

ಆ ಕಬಡ್ಡಿ ಹುಡುಗ ಅವತ್ತಿನಿಂದ ಅಜ್ಜಿಯ ಪಕ್ಕ ಬಿಟ್ಟು ಏಳಲಿಲ್ಲ. ಅವನ ಗೆರೆ ಮೊದಮೊದಲು ಹಾವಿನ ಹಾಗಿತ್ತು. ಅಜ್ಜಿ ಅಳಿಸುವುದಿಲ್ಲ, ಬೈಯುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ‘ಇದರ ಜೊತೆ ನಡಿ ತಮ್ಮಾ’ ಅನ್ನುತ್ತಾರೆ. ದಸರಾ ರಜೆಯಲ್ಲಿ ಭೂಮಿ ಹುಣ್ಣಿಮೆಗೆ ಅವರ ಮನೆಯ ಬುಟ್ಟಿಯ ಅರ್ಧಭಾಗ ಅವನೇ ಬರೆದನಂತೆ. ಹೆಂಗಸರ ಕೆಲಸ ಅಂತ ಅಕ್ಕಪಕ್ಕದವರು ಆಡಿಕೊಂಡರು. ಅವನು ಬುಟ್ಟಿಯನ್ನು ತಲೆ ಮೇಲೆ ಹೊತ್ತು ಗದ್ದೆಗೆ ಹೋದ.

ನಡುವೆ ಒಂದು ಅಡ್ಡ ಪ್ರಯೋಗ ಮಾಡಿದೆ. ಸ್ಕೇಲ್ ಇಲ್ಲದೆ ಎಳೆದ ಆ ಜೋಡಿ ಗೆರೆಗಳನ್ನು ಸಮಾನಾಂತರ ರೇಖೆಯ ಪಾಠಕ್ಕೆ ತಂದೆ. ಚಿತ್ತಾರದವರಿಗೆ ಕೋನ ಅಳೆಯುವುದು ಬೇಗ ಬಂತು, ಉಳಿದವರಿಗೆ ಏನೂ ವ್ಯತ್ಯಾಸ ಆಗಲಿಲ್ಲ. ಇನ್ನೊಂದು, ಶಾಲಾ ಸಂಸತ್ತಿನ ಚುನಾವಣೆಗೂ ಬೀಜ ಹಂಚಿದೆ. ಅಲ್ಲಿ ಬೀಜ ಕೊಟ್ಟು ಬೀಜ ಕೊಳ್ಳುವ ವ್ಯಾಪಾರ ಶುರುವಾಯಿತು, ಒಂದು ಪೆನ್ಸಿಲಿಗೆ ಎರಡು ಬೀಜ. ನಿಲ್ಲಿಸಿದೆ.

ಗೋಡೆ ಪತ್ರಿಕೆಯ ನಾಲ್ವರ ಬಗ್ಗೆ ಹೆಡ್‌ಮಾಸ್ಟರು ‘ಇದನ್ನು ಮುಚ್ಚಿ ಬೇರೆಯದಕ್ಕೆ ಸೇರಿಸಿ’ ಅಂದರು. ನಾನು ಮುಚ್ಚಲಿಲ್ಲ. ಅವರು ಹತ್ತತ್ತು ಬೀಜವನ್ನೂ ಅಲ್ಲಿಗೇ ಹಾಕಿದ್ದರು. ಆ ನಾಲ್ವರು ಬಿಸಿಯೂಟದ ಸಾಂಬಾರಿನ ಬಗ್ಗೆ ಬರೆದ ವರದಿ ಅಂಟಿಸಿದ ದಿನವೇ ಸಾಂಬಾರು ದಪ್ಪ ಆಯಿತು.

ಕೈತೋಟ, ಹೊಲಿಗೆ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬಸಳೆ ಬಂತು, ಮೂಲಂಗಿಯನ್ನು ಮಂಗ ತಿಂದಿತು. ಹೊಲಿಗೆಯವರು ಇಡೀ ಶಾಲೆಯ ಕಿತ್ತುಹೋದ ಗುಂಡಿ ಹಚ್ಚಿದರು.

ಒಟ್ಟು ಒಂಬತ್ತು ಶನಿವಾರ. ಅಡಿಕೆ ಕೊಯ್ಲು ಬಿರುಸಾಗುವುದರೊಳಗೆ ಮುಗಿಸಿದೆ, ಇಲ್ಲದಿದ್ದರೆ ಅಜ್ಜಿಯೂ ಇಲ್ಲ, ಮಕ್ಕಳೂ ಇಲ್ಲ. ಖರ್ಚು ಸಂಭಾವನೆಯೂ ಸೇರಿ ನಾಲ್ಕೂವರೆ ಸಾವಿರದ ಆಸುಪಾಸು. ಅಜ್ಜಿ ಮೊದಲು ದುಡ್ಡು ಬೇಡ ಅಂದರು, ನಾನು ಬಿಡಲಿಲ್ಲ. ಶನಿವಾರದ ಹಾಜರಿ ಮೊದಲು ಮೂವತ್ತೈದು ನಲವತ್ತರಲ್ಲಿ ಇರುತ್ತಿತ್ತು, ಆ ಎರಡು ತಿಂಗಳು ಐವತ್ತರ ಕೆಳಗೆ ಇಳಿದದ್ದು ಒಂದೋ ಎರಡೋ ಸಲ. ಪೋರ್ಷನ್ ಎಲ್ಲರ ಹಾಗೆ ಫೆಬ್ರವರಿಯಲ್ಲಿ ಮುಗಿಯಿತು. ಭಾಗಾಕಾರ ಬಾರದವರಿಗೆ ಇನ್ನೂ ಬಂದಿಲ್ಲ, ಅದು ಬೇರೆ ಮಾತು.

ಈ ಸಲ ಚಿತ್ತಾರದ ಡಬ್ಬಕ್ಕೆ ಜಾಸ್ತಿ ಬೀಜ ಬೀಳುವ ಲಕ್ಷಣ ಇದೆ. ಹನ್ನೆರಡಕ್ಕಿಂತ ಜಾಸ್ತಿ ಮಕ್ಕಳು ಬೇಡ, ಸೊಂಟ ಬಗ್ಗುವುದಿಲ್ಲ ಅಂತ ಅಜ್ಜಿ ಈಗಲೇ ಹೇಳಿ ಕಳಿಸಿದ್ದಾರೆ. ಪಂಪಿನ ವಾಷರ್ ಹೋಗಿದೆ, ಶನಿವಾರದೊಳಗೆ ಹಾಕಿಸಬೇಕು.