ಪರೀಕ್ಷಾ ಕೊಠಡಿಗೊಂದು ಕೈಗಡಿಯಾರ

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿ ಮೇಲ್ವಿಚಾರಕರು ಮೊಬೈಲನ್ನು ಒಳಗೆ ಒಯ್ಯುವಂತಿಲ್ಲ. ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಟ್ಟ 15 ನಿಮಿಷ ಮುಗಿಯಿತೆಂದೂ ಇನ್ನು ಅರ್ಧ ಗಂಟೆ ಉಳಿದಿದೆಯೆಂದೂ ಮಕ್ಕಳಿಗೆ ಹೇಳಬೇಕಾದ ನಾನೇ ಬಾಗಿಲಲ್ಲಿ ನಿಂತು ಪಕ್ಕದ ಕೊಠಡಿಯ ಸಹೋದ್ಯೋಗಿಯನ್ನು ಗಂಟೆ ಎಷ್ಟೆಂದು ಕೇಳಿದ ದಿನ ನನಗೆ ನಾಚಿಕೆಯಾಯಿತು. ಮೂರು ಸಾವಿರ ರೂಪಾಯಿಯೊಳಗೆ, ಸರಳವಾದ ಹಳೆಯ ಮಾದರಿಯ, ನಂಬಬಹುದಾದ ಒಂದು ವಾಚನ್ನು ಕೊಳ್ಳಬೇಕೆಂದು ಅಂದೇ ನಿಶ್ಚಯಿಸಿದೆ. ಆದರೆ ಸರಿಯಾದದ್ದು ಕೈ ಸೇರುವಷ್ಟರಲ್ಲಿ ಎರಡು ತಪ್ಪುಗಳನ್ನು ಮಾಡಿದ್ದೆ.

ಮೊದಲನೆಯ ತಪ್ಪಿಗೆ ಕಾರಣ ಹಳೆಯ ಮೋಹ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ‘ಜನತಾ’ ಮಾದರಿ ನಮ್ಮ ತಂದೆಯವರ ಕಾಲದ ಗುಮಾಸ್ತರ, ಮೇಷ್ಟ್ರುಗಳ ಕೈಯಲ್ಲಿ ಸಾಮಾನ್ಯವಾಗಿತ್ತು. ದಿನಕ್ಕೊಮ್ಮೆ ಕೀಲಿ ಕೊಡಬೇಕಾದ, 17 ಜ್ಯುವೆಲ್‌ಗಳ (ಒಳಗಿನ ಚಕ್ರಗಳು ಸವೆಯದಂತೆ ಕೂರಿಸುವ ಪುಟ್ಟ ಹರಳುಗಳು) ಆ ವಾಚು ಈಗ ತಯಾರಾಗುತ್ತಿಲ್ಲ. ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಹಾಗಾಗಿ ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನಿಂದ, ಕಡುನೀಲಿ ಡಯಲಿನ, ಹೊಚ್ಚಹೊಸದರಂತೆ ಹೊಳೆಯುತ್ತಿದ್ದ ಒಂದನ್ನು ತರಿಸಿದೆ. ಎರಡನೆಯ ವಾರಕ್ಕೇ ಅದು ನಿಂತಿತು.

ದಾವಣಗೆರೆಯಲ್ಲಿ ನಾನು ಒಯ್ದು ತೋರಿಸಿದ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿ, “ಮೇಷ್ಟ್ರೇ, ಮುಖಕ್ಕೆ ಬಣ್ಣ ಹೊಡ್ದಾರೆ, ಒಳಗೆ ಮೂರು ಮನೆ ಸಾಮಾನು ಐತೆ” ಎಂದರು; ಬೇರೆ ಬೇರೆ ವಾಚುಗಳ ಬಿಡಿಭಾಗಗಳನ್ನು ಕೂಡಿಸಿದ್ದಾರೆ ಎಂದರ್ಥ. ಆಮೇಲೆ ಆ ಭೂತಗನ್ನಡಿಯನ್ನೇ ನನ್ನ ಕೈಗೆ ಕೊಟ್ಟು ಡಯಲನ್ನು ತೋರಿಸಿದರು. ಅಂಚಿನ ನಿಮಿಷದ ಗೆರೆಗಳು ಒಂದೇ ಅಂತರದಲ್ಲಿರಲಿಲ್ಲ. ‘ಪ್ಯಾರಾಶಾಕ್’ (ಪೆಟ್ಟು ತಡೆಯುವ ಏರ್ಪಾಡಿನ ಹೆಸರು) ಎಂಬ ಅಕ್ಷರಗಳ ಅಂಚಿನಲ್ಲಿ ಶಾಯಿ ಹರಡಿತ್ತು. 12ರ ಗುರುತಿನ ಪಕ್ಕದಲ್ಲಿ ನೀಲಿಯ ಅಡಿಯಿಂದ ಹಳೆಯ ಬಿಳಿ ಬಣ್ಣ ಇಣುಕುತ್ತಿತ್ತು. ಇಂಥ ಬಣ್ಣ ಬಳಿದ ವಾಚುಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಹಳೆಯದನ್ನೇ ಕೊಳ್ಳುವವರು ಹೊಳಪಿಗಿಂತ ಕೊಂಚ ಮಾಸಿದ, ಗೀರು ಬಿದ್ದ ಡಯಲನ್ನೇ ಹೆಚ್ಚು ನಂಬುವುದು ಲೇಸು.

ಎರಡನೆಯ ತಪ್ಪು ಅಳತೆಯದು. ರಿಯಾಯಿತಿಯ ಆಸೆಗೆ 44 ಮಿಲಿಮೀಟರ್ ಅಗಲದ ವಾಚೊಂದನ್ನು ಕೊಂಡೆ. ನನ್ನ ಮಣಿಕಟ್ಟಿಗೆ ದಾರ ಸುತ್ತಿ ಸ್ಕೇಲಿಗಿಟ್ಟರೆ 16 ಸೆಂಟಿಮೀಟರ್. ಅದರ ಮೇಲೆ ಈ ವಾಚು ತಟ್ಟೆ ಇಟ್ಟಂತೆ ಕಾಣುತ್ತಿತ್ತು. ಪಟ್ಟಿ ಜೋಡಿಸುವ ಕೊಂಬುಗಳು ಎರಡೂ ಬದಿ ಹೊರಚಾಚಿಕೊಂಡಿದ್ದವು, ಅಂಗಿಯ ತೋಳಿನ ಗುಂಡಿ ಹಾಕಲು ಬರುತ್ತಿರಲಿಲ್ಲ. ಜಾಹೀರಾತಿನಲ್ಲಿ ಡಯಲಿನ ಅಗಲವನ್ನಷ್ಟೇ ಹೇಳುತ್ತಾರೆ; ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದ ಮಣಿಕಟ್ಟಿನ ಅಗಲವನ್ನು ಮೀರಬಾರದೆಂಬುದು ನನಗೆ ತಿಳಿದದ್ದು ಹಣ ಕೊಟ್ಟ ಮೇಲೆ. ಅದು ಈಗ ನನ್ನ ತಮ್ಮನ ಕೈಯಲ್ಲಿದೆ. ಅವನ ಕೈ ದಪ್ಪ.

ಮೂರನೆಯ ಸಲ ಅಂಗಡಿಗೆ ಹೋಗುವ ಮೊದಲು ಅದೇ ರಿಪೇರಿಯವರ ಬಳಿ ಹೋಗಿ, ನಿಮ್ಮ ಕೈಗೆ ಬಂದರೆ ಸಲೀಸಾಗಿ ಸರಿಪಡಿಸಬಹುದಾದ ವಾಚು ಯಾವುದೆಂದು ಕೇಳಿದೆ. ಈ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಎರಡು ಖರ್ಚು ಉಳಿಯುತ್ತಿದ್ದವು. ಪರೀಕ್ಷೆಯ ಕೆಲಸಕ್ಕಾದರೆ ಕೀಲಿಯದು ಬೇಡ, ಸೆಲ್ಲಿನದೇ ಇರಲಿ ಎಂದರು. ಅದು ಸರಿಯೇ: ಸೆಲ್ಲಿನ ವಾಚಿನೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುವುದರಿಂದ ತಿಂಗಳಿಗೆ ಹದಿನೈದು ಇಪ್ಪತ್ತು ಸೆಕೆಂಡಿನಷ್ಟೇ ವ್ಯತ್ಯಾಸ ಬರಬಹುದು; ಕೀಲಿಯ ವಾಚಿನಲ್ಲಿ ಅಷ್ಟು ವ್ಯತ್ಯಾಸ ಒಂದೇ ದಿನದಲ್ಲಿ ಬಂದರೂ ಅದನ್ನು ದೋಷವೆನ್ನುವಂತಿಲ್ಲ. ಪಟ್ಟಿಯ ಅಗಲ 18 ಅಥವಾ 20 ಮಿಲಿಮೀಟರ್ ಇದ್ದರೆ ಯಾವ ಊರಿನಲ್ಲೂ ಬೇರೆ ಪಟ್ಟಿ ಸಿಗುತ್ತದೆ. ಕೇಸಿನ, ಅಂದರೆ ವಾಚಿನ ಹೊರಕವಚದ, ಆಕಾರಕ್ಕೆ ತಕ್ಕಂತೆ ಅಚ್ಚು ಹಾಕಿದ ಪಟ್ಟಿಯಾದರೆ ಅದು ಹರಿದ ದಿನ ವಾಚೂ ಮೂಲೆಗೆ.

ಅವರು ಹೇಳಿದ್ದರಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಹಿಂಬದಿಯ ಬರಹವನ್ನು ಪೂರ್ತಿ ಓದಬೇಕೆಂಬ ಮಾತು. ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಿದ್ದರೆ ಮುಚ್ಚಳ ಮಾತ್ರ ಉಕ್ಕಿನದು ಎಂದರ್ಥ. ಕೇಸು ಹಿತ್ತಾಳೆಯದೋ ಬೇರೆ ಮಿಶ್ರಲೋಹದ್ದೋ ಆಗಿದ್ದು, ಮೇಲಿನ ಲೇಪನ ನಮ್ಮ ಬೇಸಿಗೆಯ ಬೆವರಿಗೆ ಕೊಂಬುಗಳ ಅಂಚಿನಿಂದ ಎದ್ದು ಹೋಗುತ್ತದೆ. ಅಂಗಡಿಯಲ್ಲಿ ನನಗೆ ಹಿಡಿಸಿದ ಬಂಗಾರದ ಬಣ್ಣದ ಎರಡು ವಾಚುಗಳನ್ನು ಈ ಒಂದು ಸಾಲು ಓದಿಯೇ ಹಿಂದಿರುಗಿಸಿದೆ. 30 ಮೀಟರ್ ನೀರು ತಡೆಯುತ್ತದೆಂಬ ಬರಹವನ್ನೂ ಅಕ್ಷರಶಃ ನಂಬುವಂತಿಲ್ಲ. ಕೈ ತೊಳೆಯುವಾಗ ಸಿಡಿಯುವ ನೀರಿಗೆ ಅದು ಸಾಕು, ಸ್ನಾನಕ್ಕೂ ಈಜಿಗೂ ಅಲ್ಲ.

ಕೊನೆಗೆ ಕೊಂಡದ್ದು ಟೈಟಾನಿನ ಒಂದು ಸಾದಾ ವಾಚು: 38 ಮಿಲಿಮೀಟರ್, ಕೇಸೂ ಉಕ್ಕಿನದೇ, ಬಿಳಿ ಡಯಲ್, ಅಂಕಿಗಳ ಬದಲು ತೆಳುವಾದ ಗೆರೆಗಳು, ಒಂದು ಸೆಕೆಂಡಿನ ಮುಳ್ಳು. ತಾರೀಖಿನ ಕಿಂಡಿ ಬೇಡವೆಂದೆ; 30 ದಿನದ ತಿಂಗಳು ಮುಗಿದಾಗಲೆಲ್ಲ ಅದನ್ನು ತಿದ್ದುವ ತಾಳ್ಮೆ ನನಗಿಲ್ಲ. ಬೆಲೆ 2,600 ರೂಪಾಯಿಯಾಯಿತು. ಅದರ ಜೊತೆ ಬಂದ ಚರ್ಮದ ಪಟ್ಟಿ ಎರಡನೆಯ ಬೇಸಿಗೆಗೆ ಬೆವರು ಕುಡಿದು ವಾಸನೆ ಬಂದಿತು. ಈಗ ಮಾರ್ಚಿನಿಂದ ಮಳೆಗಾಲದವರೆಗೆ ನೈಲಾನ್ ಪಟ್ಟಿ, ಉಳಿದ ತಿಂಗಳುಗಳಲ್ಲಿ ಚರ್ಮದ್ದು.

ಮೂರನೆಯ ವರ್ಷ ಸೆಲ್ ಮುಗಿಯಿತು. ಸತ್ತ ಸೆಲ್ಲನ್ನು ಒಳಗೇ ಬಿಟ್ಟರೆ ಸೋರಿ ಮಷೀನು ಕೆಡುತ್ತದೆಂದು ಆ ರಿಪೇರಿಯವರು ಎಚ್ಚರಿಸಿದ್ದರಿಂದ ಅಂದೇ ಸಂಜೆ ಒಯ್ದೆ. ಅವರು ಹೊಸ ಸೆಲ್ ಕೂರಿಸಿ, ಮುಚ್ಚಳದ ಒಳಬದಿಯಲ್ಲಿ ಸೂಜಿಯಂಥ ಮೊನೆಯಿಂದ ತಿಂಗಳು, ವರ್ಷ ಗೀಚಿದರು. ನೀಲಿ ಡಯಲಿನ ಆ ಹಳೆಯದನ್ನು ಏನು ಮಾಡಿದಿರೆಂದು ಕೇಳಿದರು. ಮನೆಯಲ್ಲೇ ಇದೆ ಎಂದೆ. ತಂದುಕೊಡಿ, ಒಳಗಿನ ಒಂದೆರಡು ಚಕ್ರಗಳಾದರೂ ಬೇರೆಯವರ ಜನತಾಕ್ಕೆ ಆಗುತ್ತವೆ ಎಂದರು. ಮರುದಿನ ಶಾಲೆಗೆ ಹೋಗುವಾಗ ಕೊಟ್ಟುಹೋದೆ.