ಆಲಿಗೇಟರ್ ಬಾಡು: ಬಾಲಕ್ಕೊಂದು ಉರಿ, ಕಾಲಿಗೊಂದು ಉರಿ

ಮೊಸಳೆಯ ಹತ್ತಿರದ ಸಂಬಂಧಿಯಾದ ಆಲಿಗೇಟರ್‌ನ ಮಾಂಸ ಜಗಿದಷ್ಟೂ ಮುಗಿಯೋದಿಲ್ಲ ಅಂತ ಹೇಳುವವರು ಬಹಳ ಜನ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ತಿಂದಿರುವುದು ಪ್ರವಾಸಕ್ಕೆ ಹೋದಾಗ ಯಾವುದೋ ಹೋಟೆಲಿನಲ್ಲಿ ಕರಿದು ತಂದಿಟ್ಟ ತುಣುಕುಗಳನ್ನು. ನಾನು ಅಮೆರಿಕದ ಲೂಸಿಯಾನ ರಾಜ್ಯದ ಲಫಯೆಟ್ ಊರಿನಲ್ಲಿದ್ದೇನೆ. ಇಲ್ಲಿ ಇದು ಮನೆ ಅಡುಗೆ. ನಮ್ಮ ಮನೆಯಲ್ಲೂ ಈಗ ವರ್ಷದಲ್ಲಿ ಹಲವು ಸಲ ಮಾಡುತ್ತೇವೆ. ನಾನು ಕಂಡುಕೊಂಡಿದ್ದು ಇಷ್ಟು: ಬಾಲದ ಮಾಂಸಕ್ಕೆ ಜೋರು ಉರಿ, ಸ್ವಲ್ಪ ಹೊತ್ತು. ಕಾಲು ಮತ್ತು ಮೈಯ ಮಾಂಸಕ್ಕೆ ಸಣ್ಣ ಉರಿ, ತುಂಬಾ ಹೊತ್ತು. ಇವೆರಡನ್ನು ಅದಲುಬದಲು ಮಾಡಿದರೆ ಎಂಥ ಮಸಾಲೆ ಹಾಕಿದರೂ ಬಾಯಿಗೆ ಹಿತವಾಗುವುದಿಲ್ಲ.

ನಾನು ಮಂಡ್ಯ ಕಡೆಯವನು. ಬಾಡೂಟ ತಿಂದು ಬೆಳೆದವನು. ಆದರೂ ಫೋನಿನಲ್ಲಿ ವಿಷಯ ಹೇಳಿದಾಗ ಅಮ್ಮ, "ಮೊಸಳೆ ತಿಂತೀಯೇನ್ಲಾ? ರಂಗನತಿಟ್ಟಲ್ಲಿ ಬಂಡೆ ಮೇಲೆ ಮಲಗಿರ್ತವಲ್ಲ, ಅದಾ?" ಅಂದರು. ಅದಲ್ಲ. ರಂಗನತಿಟ್ಟಿನಲ್ಲಿ, ದಾಂಡೇಲಿಯ ಕಾಳಿ ನದಿಯಲ್ಲಿ ಇರುವುದು ಮಗ್ಗರ್ ಜಾತಿಯ ಮೊಸಳೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದು, ಕೊಲ್ಲುವುದು, ಮಾಂಸ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ನಾನು ಇಲ್ಲಿ ಬರೆಯುತ್ತಿರುವುದು ಅಮೆರಿಕನ್ ಆಲಿಗೇಟರ್ ಬಗ್ಗೆ. ಮೂತಿ ಅಗಲ, ಮೈ ಕಪ್ಪು, ಹೆಚ್ಚಾಗಿ ಸಿಹಿನೀರಿನ ಜೌಗಿನಲ್ಲಿ ವಾಸ. ನಮ್ಮೂರಿಂದ ಬ್ಯಾಟನ್ ರೂಜ್‌ಗೆ ಹೋಗುವ ದಾರಿಯಲ್ಲಿ ಅಚಾಫಲಾಯ ಜೌಗು ಸಿಗುತ್ತದೆ. ಅಲ್ಲಿ ಇವು ಧಾರಾಳವಾಗಿವೆ.

ಒಂದು ಕಾಲದಲ್ಲಿ ಧಾರಾಳವಾಗಿ ಇರಲಿಲ್ಲ. ಚರ್ಮದ ಆಸೆಗೆ ಬೇಕಾಬಿಟ್ಟಿ ಬೇಟೆಯಾಡಿ ಮುಗಿಸುತ್ತಾ ಬಂದಿದ್ದರು. ಲೂಸಿಯಾನ 1962ರಲ್ಲಿ ಬೇಟೆಯನ್ನು ಪೂರ್ತಿ ನಿಲ್ಲಿಸಿತು. 1967ರಲ್ಲಿ ಇಡೀ ದೇಶದಲ್ಲಿ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿತು. ಸಂಖ್ಯೆ ಹೆಚ್ಚಿದ ಮೇಲೆ 1972ರಲ್ಲಿ ಕ್ಯಾಮರೂನ್ ಪ್ಯಾರಿಷ್ ಎಂಬ ಒಂದೇ ಜಿಲ್ಲೆಯಲ್ಲಿ ಲೆಕ್ಕ ಇಟ್ಟು ಬೇಟೆಗೆ ಬಿಟ್ಟರು. 1981ಕ್ಕೆ ರಾಜ್ಯದ ಉಳಿದ ಕಡೆಗೂ ವಿಸ್ತರಿಸಿದರು. 1987ರಲ್ಲಿ ಪೂರ್ತಿ ಚೇತರಿಸಿಕೊಂಡಿದೆ ಅಂತ ಸರ್ಕಾರವೇ ಘೋಷಿಸಿತು. ಇಲ್ಲಿನ ಜೌಗು ಭೂಮಿ ಬಹುಪಾಲು ಖಾಸಗಿಯವರದ್ದು. ಕಾಡಿನ ಗೂಡುಗಳಿಂದ ಮೊಟ್ಟೆ ಸಂಗ್ರಹಿಸಿ ಫಾರಂಗಳಲ್ಲಿ ಮರಿ ಮಾಡಿಸುತ್ತಾರೆ, ಬೆಳೆದ ಮರಿಗಳಲ್ಲಿ ಒಂದು ಪಾಲನ್ನು ವಾಪಸ್ ಜೌಗಿಗೆ ಬಿಡಬೇಕು. ಮೊಟ್ಟೆಗೂ ಚರ್ಮಕ್ಕೂ ಮಾಂಸಕ್ಕೂ ಬೆಲೆ ಇರುವುದರಿಂದ ಜಮೀನಿನವರು ಜೌಗನ್ನು ಜೌಗಾಗಿಯೇ ಉಳಿಸಿಕೊಂಡಿದ್ದಾರೆ. ಇದನ್ನು ತಿಳಿದುಕೊಂಡ ಮೇಲೆಯೇ ನಾನು ಮನೆಗೆ ತರಲು ಒಪ್ಪಿದ್ದು. ಕಾಡಿನ ಬೇಟೆ ಆಗಸ್ಟ್ ಕೊನೆಯಲ್ಲಿ ರಾಜ್ಯದ ಪೂರ್ವ ಭಾಗದಲ್ಲಿ, ಸೆಪ್ಟೆಂಬರ್ ಮೊದಲಲ್ಲಿ ಪಶ್ಚಿಮ ಭಾಗದಲ್ಲಿ ಶುರುವಾಗುತ್ತದೆ. ಪ್ರತಿ ಪ್ರಾಣಿಗೂ ಒಂದು ಟ್ಯಾಗ್. ಟ್ಯಾಗ್ ಇಲ್ಲದೆ ಹಿಡಿಯುವ ಹಾಗಿಲ್ಲ. ಉಳಿದ ತಿಂಗಳಲ್ಲಿ ಅಂಗಡಿಯಲ್ಲಿ ಸಿಗುವುದು ಫ್ರೀಜ್ ಮಾಡಿದ್ದು, ಹೆಚ್ಚಾಗಿ ಫಾರಂನದು.

ಮಾರುವುದು ಮೀನಿನ ಅಂಗಡಿಯಲ್ಲೇ. ಅಮೆರಿಕದ ಆಹಾರ ಕಾನೂನಿನ ಲೆಕ್ಕದಲ್ಲೂ ಆಲಿಗೇಟರ್ ಮೀನಿನ ಗುಂಪಿಗೇ ಸೇರುತ್ತದೆ. ಇಲ್ಲಿ ಕ್ಯಾಥೊಲಿಕರು ಜಾಸ್ತಿ. ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ಅವರು ಮಾಂಸ ಮುಟ್ಟುವುದಿಲ್ಲ, ಮೀನು ತಿನ್ನಬಹುದು. ಆಲಿಗೇಟರ್ ಯಾವ ಕಡೆ ಅಂತ ಒಬ್ಬರು ಕೇಳಿದ್ದಕ್ಕೆ 2010ರಲ್ಲಿ ನ್ಯೂ ಆರ್ಲಿಯನ್ಸ್‌ನ ಆರ್ಚ್‌ಬಿಷಪ್ ಗ್ರೆಗರಿ ಏಮಂಡ್ ಅವರು ಮೀನಿನ ಕಡೆ ಅಂತ ಪತ್ರ ಬರೆದು ತಿಳಿಸಿದರು. ಹಾಗಾಗಿ ಆ ದಿನಗಳಲ್ಲಿ ಪಕ್ಕದ ಮನೆಯ ಅಜ್ಜನ ಅಡುಗೆಮನೆಯಿಂದಲೂ ಇದರ ಪರಿಮಳ ಬರುತ್ತದೆ. ಅವರು ಕೇಜನ್ ಮನೆತನದವರು, ಅಂದರೆ ಲೂಸಿಯಾನದಲ್ಲಿ ನೆಲೆಸಿದ ಫ್ರೆಂಚ್ ಮೂಲದ ಜನ, ಹಳೆಯ ತಲೆಮಾರಿನವರು. ನನ್ನ ಕೈಗೆ ಮೊದಲು ಚಾಕು ಕೊಟ್ಟು ಕಲಿಸಿದವರು ಅವರೇ.

ಕೊಳ್ಳುವಾಗ ಪ್ಯಾಕೆಟ್ ಮೇಲೆ ಏನು ಬರೆದಿದೆ ಅಂತ ಓದಬೇಕು. ಬಾಲದ ಮಾಂಸ ಅಂತ ಸ್ಪಷ್ಟವಾಗಿ ಬರೆದಿದ್ದರೆ ಅದು ಬೆಳ್ಳಗಿರುತ್ತದೆ, ಎಳೆ ನುಣುಪು, ಬೆಲೆ ಜಾಸ್ತಿ. ಬಾಲದ ಒಳಗಿನ ಉದ್ದುದ್ದ ಉರುಳೆ ತುಂಡು ಎಲ್ಲಕ್ಕಿಂತ ಮೃದು. ದವಡೆಯ ಮಾಂಸವೂ ಮೃದುವೇ, ಸಿಕ್ಕರೆ ಬಿಡಬೇಡಿ. ಬರೀ 'ನಗೆಟ್' ಅಂತ ಬರೆದಿದ್ದರೆ ಎಲ್ಲ ಕಡೆಯ ಚೂರುಗಳು ಸೇರಿರಬಹುದು. ಬೆಳ್ಳಗಿನವು, ಕೆಂಪಗಿನವು ಒಂದೇ ಪ್ಯಾಕೆಟ್‌ನಲ್ಲಿ ಇದ್ದರೆ ಒಂದೇ ಬಾಣಲೆಗೆ ಹಾಕಬೇಡಿ, ಬೇರೆ ಬೇರೆ ಮಾಡಿ. ಕಾಲು, ಪಕ್ಕೆಲುಬು, ಮೈಯ ಮಾಂಸ ಬಣ್ಣದಲ್ಲಿ ಗಾಢ, ನಾರು ದಪ್ಪ. ಬೆಲೆಯೂ ಕಡಿಮೆ. ಸಾರಿಗೆ ನನಗೆ ಇದೇ ಇಷ್ಟ.

ಹಿಂದಿನ ದಿನವೇ ಫ್ರಿಜ್‌ನ ಕೆಳಗಿನ ತಟ್ಟಿನಲ್ಲಿ, ಅಂಚಿರುವ ತಟ್ಟೆಯಲ್ಲಿಟ್ಟು ಐಸ್ ಬಿಡಿಸುತ್ತೇನೆ. ಹೊರಗಡೆ ಇಡುವುದಿಲ್ಲ. ಹಾವು, ಆಮೆ, ಮೊಸಳೆ ಇಂಥ ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ರೋಗಾಣು ಸಾಮಾನ್ಯ. ಅದಕ್ಕೇ ಹಸಿ ಮಾಂಸಕ್ಕೆ ಬೇರೆ ಮಣೆ, ಬೇರೆ ಚಾಕು. ನಲ್ಲಿ ಕೆಳಗೆ ಹಿಡಿದು ತೊಳೆಯುವುದೂ ಇಲ್ಲ. ಊರಲ್ಲಿ ನಾಕು ಸಲ ತೊಳೆಯುವುದು ನಮ್ಮ ಅಭ್ಯಾಸ, ಆದರೆ ಇಲ್ಲಿ ಆ ನೀರು ಸಿಂಕಿನ ಸುತ್ತ ಸಿಡಿಯುತ್ತದೆ. ಪೇಪರ್ ಟವೆಲ್‌ನಲ್ಲಿ ಒತ್ತಿ ಒರೆಸಿದರೆ ಸಾಕು.

ಇಡೀ ಅಡುಗೆಯಲ್ಲಿ ತಾಳ್ಮೆ ಬೇಕಾದದ್ದು ಇದರ ನಂತರದ ಕೆಲಸಕ್ಕೆ. ಮಾಂಸದ ಒಳಗೆ ಕೊಬ್ಬು ಇರುವುದೇ ಇಲ್ಲ ಅನ್ನಬಹುದು. ಇರುವ ಕೊಬ್ಬೆಲ್ಲ ಸ್ನಾಯುಗಳ ನಡುವೆ, ಹೊರಗೆ, ಬೇರೆಯಾಗಿ ಕೂತಿರುತ್ತದೆ. ಕುರಿ ಕೊಬ್ಬು ಸಾರಿಗೆ ರುಚಿ ಕೊಡುತ್ತದೆ ಅಂತ ನಾವು ಬಿಡುತ್ತೇವೆ ಅಲ್ವಾ? ಇಲ್ಲಿ ಅದನ್ನು ಬಿಡಲೇಬಾರದು. ಮೀನಿನ ಎಣ್ಣೆಯ ಕಮಟು, ಜೌಗಿನ ವಾಸನೆ ಎಲ್ಲ ಇರುವುದು ಆ ಕೊಬ್ಬಿನಲ್ಲಿ. ಬೆರಳಲ್ಲಿ ಹುಡುಕಿ, ಒಂದು ಚೂರೂ ಉಳಿಯದಂತೆ ಕೆತ್ತಿ ತೆಗೆಯಬೇಕು. ಆಮೇಲೆ ಬೆಳ್ಳಿ ಬಣ್ಣದ ತೆಳು ಪೊರೆ. ಅದರ ಕೆಳಗೆ ಚಾಕುವಿನ ತುದಿ ತೂರಿಸಿ, ಪೊರೆಯನ್ನು ಎಳೆದು ಹಿಡಿದು, ಚಾಕುವನ್ನು ಓರೆಯಾಗಿ ಜಾರಿಸುತ್ತಾ ಹೋದರೆ ಉದ್ದಕ್ಕೆ ಬಿಡುತ್ತದೆ. ಬಿಳಿ ನರಗಳೂ ಹೋಗಬೇಕು. ಪೊರೆ ಉಳಿದರೆ ಉರಿ ತಾಗಿದ ತಕ್ಷಣ ಸುರುಟಿಕೊಂಡು ಇಡೀ ತುಂಡನ್ನೇ ಬಿಗಿಯುತ್ತದೆ. ಅಜ್ಜ ಈ ಕೆಲಸಕ್ಕೆ ಕೂತರೆ ಮಾತೇ ಆಡುವುದಿಲ್ಲ. ನನಗೂ ಈಗ ಹಾಗೆಯೇ ಆಗಿದೆ.

ಬಾಲದ ಮಾಂಸವನ್ನು ಎಳೆಗೆ ಅಡ್ಡವಾಗಿ, ಅರ್ಧ ಇಂಚು ದಪ್ಪಕ್ಕೆ ಕತ್ತರಿಸುತ್ತೇನೆ. ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಲಟ್ಟಣಿಗೆಯಿಂದ ನಾಲ್ಕೈದು ಏಟು ಮೆತ್ತಗೆ ಬಡಿಯುತ್ತೇನೆ. ಜಜ್ಜಬಾರದು, ಎಳೆ ಸಡಿಲವಾದರೆ ಆಯಿತು. ಆಮೇಲೆ ಮಜ್ಜಿಗೆ. ಇಲ್ಲಿನ ಅಂಗಡಿಯ ಗಟ್ಟಿ ಮಜ್ಜಿಗೆಯಲ್ಲಿ ಒಂದೆರಡು ಗಂಟೆ ನೆನೆಸಿದರೆ ಮೃದುವಾಗುತ್ತದೆ, ಉಳಿದ ವಾಸನೆಯೂ ಹೋಗುತ್ತದೆ. ಹಾಲಿನಲ್ಲಿ ನೆನೆಸುವವರೂ ಇದ್ದಾರೆ. ಹುಳಿ ಇರುವುದರಿಂದ ನನಗೆ ಮಜ್ಜಿಗೆಯೇ ಸರಿ. ರಾತ್ರಿಯಿಡೀ ಬಿಡುವುದಿಲ್ಲ, ಹೊರಭಾಗ ಮೆತ್ತೆಮೆತ್ತಗಾಗುತ್ತದೆ.

ಕರಿಯುವುದು ಇಲ್ಲಿನವರ ಮೆಚ್ಚಿನ ರೀತಿ. ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಬಾಲದ ಮಾಂಸ ತಗೊಳ್ಳಿ. ಮಜ್ಜಿಗೆ ಬಸಿದು ಎರಡು ಚಮಚ ಸಾಸಿವೆ ಪೇಸ್ಟ್, ಸ್ವಲ್ಪ ಹುಳಿ ಖಾರದ ಸಾಸ್ ಹಚ್ಚಿ. ಅಂಥ ಸಾಸ್ ಆದ ಟಬಾಸ್ಕೊ ನಮ್ಮೂರಿಗೆ ಹತ್ತಿರದ ಏವರಿ ಐಲ್ಯಾಂಡ್‌ನಲ್ಲಿ 1868ರಿಂದ ತಯಾರಾಗುತ್ತಿದೆ, ಪ್ರತಿ ಮನೆಯಲ್ಲೂ ಒಂದು ಸೀಸೆ ಇರುತ್ತದೆ. ಒಂದು ಬಟ್ಟಲು ಮೆಕ್ಕೆಜೋಳದ ಹಿಟ್ಟಿಗೆ ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಪುಡಿ ಬೆರೆಸಿ. ಊರಲ್ಲಿ ಗೋಬಿ ಮಂಚೂರಿಗೆ ಹಾಕುವ ಬಿಳಿ ಪುಡಿ ಅಲ್ಲ, ಹಳದಿ ಜೋಳವನ್ನೇ ನುಣ್ಣಗೆ ಬೀಸಿದ್ದು. ನಾನು ಇದಕ್ಕೆ ಎರಡು ಚಮಚ ಅಕ್ಕಿ ಹಿಟ್ಟು ಸೇರಿಸುತ್ತೇನೆ, ಗರಿ ಹೆಚ್ಚು ಹೊತ್ತು ನಿಲ್ಲುತ್ತದೆ. ಎಣ್ಣೆ 175 ಡಿಗ್ರಿ ಸೆಲ್ಸಿಯಸ್ ಇರಬೇಕು. ಸ್ವಲ್ಪಸ್ವಲ್ಪವೇ ಹಾಕಿ. ಎರಡು ಮೂರು ನಿಮಿಷ, ತೇಲಿ ಬಂದು ಹೊಂಬಣ್ಣವಾದರೆ ತೆಗೆಯಿರಿ. ಇನ್ನೂ ಸ್ವಲ್ಪ ಗರಿಗರಿ ಆಗಲಿ ಅಂತ ಬಿಟ್ಟರೆ ಕೆಟ್ಟಿತು. ಬೆಂದಿದೆಯೋ ಇಲ್ಲವೋ ಅನ್ನೋದಕ್ಕೆ ಕಣ್ಣಂದಾಜು ನಂಬಬೇಡಿ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಇಟ್ಟುಕೊಳ್ಳಿ. ನಡುಭಾಗ 74 ಡಿಗ್ರಿ ಮುಟ್ಟಲೇಬೇಕು, ಮುಟ್ಟಿದ ಕ್ಷಣ ಒಲೆಯಿಂದ ಹೊರಗೆ.

ನಮ್ಮ ರೀತಿ ಪೆಪ್ಪರ್ ಫ್ರೈ ಕೂಡ ಬಾಲಕ್ಕೆ ಚೆನ್ನಾಗಿ ಒಗ್ಗುತ್ತದೆ. ತುಣುಕುಗಳಿಗೆ ಅರಿಶಿನ, ಉಪ್ಪು, ಶುಂಠಿ ಬೆಳ್ಳುಳ್ಳಿ ಹಚ್ಚಿಡಿ. ಕಬ್ಬಿಣದ ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಎಣ್ಣೆ ಬಿಟ್ಟು, ಒಂದೇ ಪದರದಲ್ಲಿ ಹರಡಿ ಎರಡೂ ಮಗ್ಗುಲು ಬಾಡಿಸಿ, 74 ಡಿಗ್ರಿ ನೋಡಿ ತೆಗೆದಿಡಿ. ಅದೇ ಬಾಣಲೆಯಲ್ಲಿ ಈರುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ ಕೆಂಪಗೆ ಹುರಿದು, ಆಗಷ್ಟೇ ಕುಟ್ಟಿದ ಕಾಳುಮೆಣಸು ಧಾರಾಳವಾಗಿ ಹಾಕಿ, ಮಾಂಸ ವಾಪಸ್ ಸೇರಿಸಿ ಒಂದೇ ಸಲ ಮಗುಚಿ ಇಳಿಸಿ. ಕೊನೆಗೆ ಒಂದು ಚಮಚ ತುಪ್ಪ, ಅರ್ಧ ನಿಂಬೆಹಣ್ಣು. ತುಪ್ಪ ಬಿಡಬೇಡಿ. ಈ ಮಾಂಸಕ್ಕೆ ಸ್ವಂತ ಜಿಡ್ಡಿಲ್ಲ, ಹೊರಗಿನಿಂದ ನಾವೇ ಕೊಡಬೇಕು.

ಇನ್ನು ಕಾಲು, ಮೈಯ ಮಾಂಸ. ಕೇಜನ್ ಮನೆಗಳಲ್ಲಿ ಇದರಿಂದ ಸಾಸ್ ಪಿಕಾಂಟ್ ಮಾಡುತ್ತಾರೆ, ಟೊಮೆಟೊ ಹಾಕಿದ ಖಾರದ ಗೊಜ್ಜು. ಇದರ ಜೀವ 'ರೂ'ನಲ್ಲಿದೆ. ದಪ್ಪ ತಳದ ಪಾತ್ರೆಯಲ್ಲಿ ಅರ್ಧ ಬಟ್ಟಲು ಎಣ್ಣೆ, ಅರ್ಧ ಬಟ್ಟಲು ಮೈದಾ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಅರ್ಧ ಗಂಟೆಯಾದರೂ ಬೇಕು. ಬಿಳಿ ಹೋಗಿ ಹೊಂಬಣ್ಣ, ಆಮೇಲೆ ಹುರಿದ ಕಡ್ಲೆಕಾಯಿ ಬೀಜದ ಬಣ್ಣ ಬರುತ್ತದೆ, ಅಡುಗೆಮನೆಯೆಲ್ಲ ಘಮಘಮ. ಕಪ್ಪು ಚುಕ್ಕೆ ಕಂಡರೆ ಸೀದಿದೆ ಅಂತ ಅರ್ಥ. ಅದನ್ನು ಸುರಿದು ಹೊಸದಾಗಿ ಶುರು ಮಾಡಬೇಕು, ಬೇರೆ ದಾರಿಯಿಲ್ಲ. ಬಣ್ಣ ಬಂದ ಕೂಡಲೇ ಹೆಚ್ಚಿದ ಈರುಳ್ಳಿ, ದಪ್ಪ ಮೆಣಸಿನಕಾಯಿ, ಸೆಲರಿ ಹಾಕಿ. ಈ ಮೂರು ಇಲ್ಲದೆ ಇಲ್ಲಿನ ಅಡುಗೆ ಶುರುವಾಗುವುದಿಲ್ಲ. ಬೆಳ್ಳುಳ್ಳಿ, ಟೊಮೆಟೊ, ಪಲಾವ್ ಎಲೆ, ಖಾರದ ಪುಡಿ, ಮೂರು ನಾಲ್ಕು ಬಟ್ಟಲು ಕೋಳಿ ಬೇಯಿಸಿದ ನೀರು. ಮೊದಲೇ ಬೇರೆ ಬಾಣಲೆಯಲ್ಲಿ ಕೆಂಪಗೆ ಬಾಡಿಸಿಟ್ಟ ಎರಡು ಪೌಂಡ್ ಮಾಂಸ ಇದಕ್ಕೆ ಸೇರಿಸಿ, ಮುಚ್ಚಿ, ಒಂದೂವರೆಯಿಂದ ಎರಡು ಗಂಟೆ ಸಣ್ಣ ಉರಿ. ಕುದಿ ಜೋರಾಗಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸಾಕು. ನಡುವೆ ಒಂದು ಹಂತದಲ್ಲಿ ಮಾಂಸ ಮೊದಲಿಗಿಂತ ಗಟ್ಟಿಯಾಗಿ ತೋರುತ್ತದೆ. ಹೆದರಿ ಇಳಿಸಬೇಡಿ. ಇನ್ನಷ್ಟು ಹೊತ್ತು ಬಿಟ್ಟರೆ ನಾರು ಕರಗಿ ಸೌಟಿನ ತುದಿಗೆ ಬಿಡಿಬಿಡಿಯಾಗುತ್ತದೆ. ಕೊನೆಗೆ ಈರುಳ್ಳಿ ಸೊಪ್ಪು, ಪಾರ್ಸ್ಲಿ ಉದುರಿಸಿ ಬಿಸಿ ಅನ್ನದ ಜೊತೆ.

ಇದನ್ನು ಉಂಡಾಗಲೇ ನನಗೆ ಮುದ್ದೆ ಬೇಕು ಅನಿಸಿದ್ದು. ಈಗ ಅದೇ ಮಾಂಸಕ್ಕೆ ಅಮ್ಮನ ಮಸಾಲೆ ಹಾಕುತ್ತೇನೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಕಾಳುಮೆಣಸು, ಧನಿಯ, ಬ್ಯಾಡಗಿ ಮೆಣಸಿನಕಾಯಿ ಎಣ್ಣೆಯಲ್ಲಿ ಹುರಿದು, ತೆಂಗಿನಕಾಯಿ, ಗಸಗಸೆ, ಹುರಿಗಡಲೆ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ಅರೆಯುವುದು. ಕುರಿ ಬಾಡಿಗೆ ಹಾಕುವುದಕ್ಕಿಂತ ಕಾಯಿ ಸ್ವಲ್ಪ ಹೆಚ್ಚು, ಒಗ್ಗರಣೆಗೆ ಎಣ್ಣೆಯೂ ಹೆಚ್ಚು. ಚಕ್ಕೆ ಲವಂಗ ಕಡಿಮೆ, ಯಾಕೆಂದರೆ ಮಾಂಸದ ರುಚಿ ಸೌಮ್ಯ, ಮಸಾಲೆ ಮೇಲೆ ಬಿದ್ದರೆ ಮುಚ್ಚಿಹೋಗುತ್ತದೆ. ಕುಕ್ಕರ್ ಬಳಸುವುದಿಲ್ಲ. ಫಾರಂನ ಎಳೆಯದಕ್ಕೂ ಕಾಡಿನ ಬಲಿತದ್ದಕ್ಕೂ ಬೇಯುವ ಹೊತ್ತು ಒಂದೇ ಅಲ್ಲ, ತೆರೆದ ಪಾತ್ರೆಯಾದರೆ ನಡುನಡುವೆ ಒಂದು ತುಂಡು ಹಿಚುಕಿ ನೋಡಬಹುದು. ಪಕ್ಕೆಲುಬು ಇದ್ದರೆ ಮೂಳೆ ಸಮೇತ ಹಾಕಿ, ಸಾರಿಗೆ ಕಸುವು ಬರುತ್ತದೆ. ಒಮ್ಮೆ ಅಜ್ಜನಿಗೆ ಮುದ್ದೆ ಸಮೇತ ಬಡಿಸಿದೆ. ಮುದ್ದೆಯನ್ನು ಜಗಿಯದೆ ನುಂಗಬೇಕು ಅಂತ ತೋರಿಸಿಕೊಟ್ಟೆ. ಅವರು ಸಾರನ್ನು ಎರಡು ಸಲ ಹಾಕಿಸಿಕೊಂಡು, ಹುರಿಗಡಲೆ ಎಲ್ಲಿ ಸಿಗುತ್ತದೆ ಅಂತ ಕೇಳಿದರು.

ರುಚಿ ಹೇಗಿರುತ್ತದೆ ಅಂತ ಕೇಳುವವರಿಗೆ ನಾನು ಹೇಳುವುದು ಇದು: ಬಾಲದ ಮಾಂಸ ಕೋಳಿಗೂ ಗಟ್ಟಿ ಸಮುದ್ರ ಮೀನಿಗೂ ನಡುವೆ, ಮೈಯ ಮಾಂಸ ನಾಟಿ ಕೋಳಿಯ ತೊಡೆಗೆ ಹತ್ತಿರ. ಮೊದಲ ಸಲ ಮಾಡುವವರು ಸಾರಿನಿಂದ ಶುರು ಮಾಡಿ. ಕರಿಯುವುದರಲ್ಲಿ ಒಂದು ನಿಮಿಷ ಹೆಚ್ಚುಕಡಿಮೆ ಆದರೂ ತೊಂದರೆ, ಸಾರಿನಲ್ಲಿ ಹದಿನೈದು ನಿಮಿಷ ಆಚೀಚೆ ಆದರೂ ನಡೆಯುತ್ತದೆ.

ಕರಿದದ್ದು ಉಳಿಸಬೇಡಿ, ಮತ್ತೆ ಬಿಸಿ ಮಾಡಿದರೆ ತಿನ್ನಲಾಗದು. ಸಾರು, ಸಾಸ್ ಪಿಕಾಂಟ್ ಮಾತ್ರ ಮರುದಿನಕ್ಕೆ ಇನ್ನೂ ರುಚಿ. ಆರಿದ ಕೂಡಲೇ ಫ್ರಿಜ್‌ಗೆ ಹೋಗಬೇಕು. ಹೆಚ್ಚು ಮಾಡಿದ್ದರೆ ಡಬ್ಬಿಗಳಿಗೆ ಹಂಚಿ ಫ್ರೀಜ್ ಮಾಡಿ, ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಐಸ್ ಬಿಡಿಸಿದ ಹಸಿ ಮಾಂಸವನ್ನು ಮಾತ್ರ ಮತ್ತೆ ಫ್ರೀಜರ್‌ಗೆ ಇಡಬೇಡಿ, ನೀರು ಬಿಟ್ಟು ಸಪ್ಪೆಯಾಗುತ್ತದೆ. ಅಂದಿಗೆ ಬೇಕಾದಷ್ಟೇ ಪ್ಯಾಕೆಟ್ ಹೊರಗೆ ತೆಗೆಯಿರಿ.